ಹತ್ತನೆಯ ಪೆಟ್ಟಿಗೆ

ತೊಟ್ಟು, ಸಿಮೆಂಟಿನ ಮೇಲೆ ಇನ್ನೊಂದು ತೊಟ್ಟು, ಯಾರದೋ ನೀರಿನ ಬಾಟಲಿ ಇರಬೇಕು, ತನ್ನದಲ್ಲ, ಎಂದುಕೊಳ್ಳುತ್ತಲೇ ಕಾತ್ಯಾಯನಿ ತೂಕದ ಯಂತ್ರದ ಮೇಲಿದ್ದ ಥರ್ಮಾಕೋಲ್ ಪೆಟ್ಟಿಗೆಯ ತಳ ಸವರಿದಳು, ಬೆರಳು ಒದ್ದೆ, ಅಯ್ಯೋ, ಹತ್ತನೆಯದು — ಪಟ್ಟಿಲ್ಲ ಚೇಚಿ, ಇದು ಆಗಲ್ಲ, ವಿಮಾನ ನಿಲ್ದಾಣದ ಕಾರ್ಗೋ ಕೌಂಟರಿನ ಮಲಯಾಳಿ ಗುಮಾಸ್ತ ತಲೆಯಾಡಿಸುತ್ತಾನೆ, ನೀರು ಸೋರಿ ವಿಮಾನದ ಹೊಟ್ಟೆಯೊಳಗೆ ವೈರುಗಳಿಗೆ ತಾಗಿದರೆ ಯಾರು ಹೊಣೆ, ಸರಿಯೇ ಅವನು ಹೇಳುವುದು, ಹದಿನೆಂಟು ವರ್ಷದಿಂದ ಮೀನುಮರಿ ಕೇಂದ್ರದಲ್ಲಿ ಇದನ್ನೇ ತಾನೂ ಎಲ್ಲರಿಗೂ ಹೇಳಿಕೊಂಡು ಬಂದದ್ದು, ಎರಡು ದಿನ ಮರಿಗಳಿಗೆ ತಿನ್ನಲು ಹಾಕಬೇಡಿ, ಚೀಲದಲ್ಲಿ ಒಂದು ಪಾಲು ನೀರು, ಎರಡು ಪಾಲು ಆಕ್ಸಿಜನ್, ಮೂಲೆ ಮಡಚಿ ರಬ್ಬರ್ ಹಾಕಿ, ಇಲ್ಲದಿದ್ದರೆ ಮರಿ ಮೂಲೆಗೆ ಸಿಕ್ಕಿ ಸಾಯುತ್ತದೆ, ಕೊನೆಗೆ ಸೋರುತ್ತದೋ ನೋಡಲು ಚೀಲವನ್ನು ತಲೆಕೆಳಗು ಹಿಡಿದು ನೂರು ಎಣಿಸಿ. ನೂರು ಎಣಿಸಬೇಕಮ್ಮ ಎಂದು ಕಲಿಸಿದವನು ಸಿದ್ದಣ್ಣ, ಈಗ ನಿವೃತ್ತನಾಗಿ ಶಿರಂಗಾಲದಲ್ಲಿದ್ದಾನೆ, ಅವನು ಒಂದು ದಿನವೂ ತೊಂಬತ್ತಕ್ಕೆ ನಿಲ್ಲಿಸಿದವನಲ್ಲ, ತಾನು ಬೆಳಿಗ್ಗೆ ಹತ್ತನೆಯದಕ್ಕೆ ಇಪ್ಪತ್ತೋ ಇಪ್ಪತ್ತೈದೋ ಎಣಿಸಿ ಇಳಿಸಿದೆ, ಸೊಂಟ ನೋಯುತ್ತಿತ್ತು, ಅಷ್ಟೇ, ಸೊಂಟ.

ಸಾಹೇಬರು ಶಿವಪ್ರಕಾಶ್ ಫೋನಿನಲ್ಲಿ, ಕಾತ್ಯಾಯನಿಯವರೇ, ಆ ಅರವತ್ತು ಮರಿಗಳನ್ನು ಉಳಿದ ಒಂಬತ್ತಕ್ಕೆ ಹಂಚಿಬಿಡಿ, ಆರುನೂರು ಮಹಶೀರ್ ಅಂತ ದೆಹಲಿಗೆ ಬರೆದಾಗಿದೆ — ಹಂಚುವುದಕ್ಕೆ ಚೀಲ ಬಿಚ್ಚಬೇಕು ಸಾರ್, ಬಿಚ್ಚಿದರೆ ಆಕ್ಸಿಜನ್ ಹೋಗುತ್ತದೆ, ಇಲ್ಲಿ ಸಿಲಿಂಡರ್ ಇಲ್ಲ, ಆರುನೂರೂ ಸಾಯುತ್ತವೆ, ಒಂಬತ್ತು ಹೋಗಲಿ ಸಾರ್, ಎಂದವಳು ತಾನೇ ಏನು, ಅಷ್ಟು ಗಟ್ಟಿಯಾಗಿ. ಒಂಬತ್ತು ಪೆಟ್ಟಿಗೆ ಪರದೆಯ ಆಚೆ ಹೋದವು. ಇಲ್ಲೇ ಯಾವುದಾದರೂ ಹೊಳೆಗೆ ಬಿಟ್ಟುಬಿಡೋಣ ಮೇಡಂ, ಡ್ರೈವರ್ ಲೋಕೇಶ್, ಇಲ್ಲ ಲೋಕೇಶ್, ಘಾಟಿಯ ಈ ಕಡೆ ಬಿದ್ದ ನೀರೆಲ್ಲ ಪಡುವಣ ಕಡಲಿಗೆ, ಇವು ಕಾವೇರಿಯ ಮೀನು, ಮಾಕುಟ್ಟ ಹತ್ತಿ ಪೆರುಂಬಾಡಿ ದಾಟಲಿ, ಆಮೇಲೆ ಮೊದಲು ಸಿಕ್ಕ ತೋಡು, ಸಣ್ಣ ಹಳ್ಳವಾದರೂ ಸರಿ. ಗಾಡಿಯಲ್ಲಿ ಚೀಲ ಮಡಿಲಲ್ಲಿ, ತೂತಿನ ಮೇಲೆ ಹೆಬ್ಬೆರಳು, ತಿರುವು, ಮತ್ತೆ ತಿರುವು, ಹೆಬ್ಬೆರಳು ಮರಗಟ್ಟಿತು, ಸೀರೆ ತೊಯ್ದು ಕಾಲಿಗಂಟಿದೆ, ಇವತ್ತೂ ಮಡಿಕೇರಿಗೆ ಹೋಗಿ ಸ್ನಾನ ಮಾಡದೆ ಅಡುಗೆಮನೆ ಹೊಸ್ತಿಲು ತುಳಿಯುವ ಹಾಗಿಲ್ಲ, ಅರ್ಚಕರ ಮನೆ ಸೊಸೆ, ಮೈಯೆಲ್ಲ ಮೀನು, ಮದುವೆಯಾದ ಹೊಸದರಲ್ಲಿ ಗಂಡ ಅನಂತಕೃಷ್ಣ ಮೂಗು ಮುಚ್ಚಿಕೊಂಡು ನಗುತ್ತಿದ್ದರು, ಈಗ ಮೂಗೂ ಮುಚ್ಚುವುದಿಲ್ಲ, ನಗುವುದೂ ಇಲ್ಲ, ಬಕೆಟ್ಟಿಗೆ ಬಿಸಿನೀರು ತುಂಬಿಸಿಟ್ಟಿರುತ್ತಾರೆ, ಅದೇ ದೊಡ್ಡದು.

ಪೆರುಂಬಾಡಿ ದಾಟಿತು. ಕಾಫಿ ತೋಟದ ಬೇಲಿ ಪಕ್ಕ ಸಣ್ಣ ತೋಡು, ಲೋಕೇಶ್ ಗಾಡಿ ನಿಲ್ಲಿಸಿದ, ಅವಳು ಮಂಡಿಯವರೆಗೆ ಇಳಿದಳು, ಕೊರೆಯುವ ನೀರು, ಚೀಲವನ್ನು ತಕ್ಷಣ ಬಿಚ್ಚುವ ಹಾಗಿಲ್ಲ, ತೇಲಬಿಡಬೇಕು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬರಬೇಕು, ಕಾಲು ಗಂಟೆ, ಕಾಯುವುದು, ಯಾವಾಗಲೂ ಕಾಯುವುದೇ — ಮತ್ತೆ ಫೋನ್, ಲೋಕೇಶ್ ಕಿವಿಗೆ ಹಿಡಿದ, ಸಾಹೇಬರ ದನಿ ಈಗ ಮೆತ್ತಗೆ, ವಿಮಾನ ಹೊರಟಿತಂತೆ ಕಾತ್ಯಾಯನಿಯವರೇ, ಒಂದು ಕೆಲಸ ಮಾಡಿ, ಕಾರ್ಗೋದಲ್ಲಿ ಗಾಡಿಯಿಂದ ಇಳಿಸುವವನು ಪೆಟ್ಟಿಗೆ ಬೀಳಿಸಿದ ಅಂತ ವರದಿಯಲ್ಲಿ ಬರೆದುಬಿಡಿ, ನಿಮಗೂ ತೊಂದರೆ ಬೇಡ, ನನಗೂ. ಎಷ್ಟು ಸುಲಭ, ಒಂದು ಸಾಲು, ಆ ಇಳಿಸುವವನ ಮುಖವನ್ನೂ ಅವಳು ಸರಿಯಾಗಿ ನೋಡಿರಲಿಲ್ಲ. ಯಾರೂ ಬೀಳಿಸಲಿಲ್ಲ ಸಾರ್, ನಾನೇ ಸರಿಯಾಗಿ ನೋಡಲಿಲ್ಲ, ಹಾಗೇ ಬರೆಯುತ್ತೇನೆ. ಸರಿ ನಿಮ್ಮಿಷ್ಟ, ಫೋನ್ ಕಟ್ಟಾಯಿತು, ಎದೆ ಹಗುರಾಗಬೇಕಿತ್ತು, ಆಗಲಿಲ್ಲ, ಬರೀ ಸುಸ್ತು.

ರಬ್ಬರ್ ಬಿಚ್ಚಿದಳು. ಹೊಟ್ಟೆ ಮೇಲಾಗಿ ತೇಲಿದವು ಎಷ್ಟೋ, ಇಪ್ಪತ್ತು, ಇಪ್ಪತ್ತೈದು, ಎಣಿಸಬಾರದು, ಉಳಿದವು ಸರ್ರನೆ ಕಲ್ಲುಗಳ ಸಂದಿಗೆ, ಹೋಗಿ, ಹೋಗ್ರೇ, ಎಲ್ಲ ಹೋದವು, ಒಂದು ಹೋಗಲಿಲ್ಲ, ಚೀಲದ ಬಾಯಲ್ಲೇ ನಿಂತಿದೆ, ಕಿರುಬೆರಳಿನಷ್ಟು, ಹರಿವಿಗೆ ಮುಖ ಕೊಟ್ಟು, ಹೊರಡುವುದೂ ಇಲ್ಲ, ಮಗುಚುವುದೂ ಇಲ್ಲ, ಹೊತ್ತಾಯಿತು ಮೇಡಂ, ಹೊತ್ತಾಗಲಿ, ಕೆನ್ನೆಯ ಕೆಂಪು ಕಿವಿರು ತೆರೆಯಿತು, ಮುಚ್ಚಿತು, ಸ್ವಲ್ಪ ತಡೆದು, ತೆರೆಯಿತು, ಮುಚ್ಚಿತು, ತೆರೆಯಿತು —