ಬೊಂಡಾಸ್ ಮೆತ್ತಗಾಗುವವರೆಗೆ

ಬೊಂಡಾಸ್ ಅನ್ನಿ, ಸ್ಕ್ವಿಡ್ ಅನ್ನಿ, ಅದನ್ನು ಬೇಯಿಸುವುದಕ್ಕೆ ಎರಡೇ ದಾರಿ. ಎರಡು ನಿಮಿಷದಲ್ಲಿ ಬಾಣಲೆಯಿಂದ ಇಳಿಸಬೇಕು, ಇಲ್ಲವೇ ಮುಕ್ಕಾಲು ಗಂಟೆ ಸಣ್ಣ ಉರಿಯಲ್ಲಿ ಬಿಡಬೇಕು. ನಡುವೆ ಸಿಕ್ಕಿಕೊಂಡರೆ ಚಪ್ಪಲಿಯ ಅಟ್ಟೆ. ಮೀನು ಮಾರುವವಳು ಇದನ್ನು ಹೇಳಿಯೇ ಕೊಟ್ಟಿದ್ದಳು. ಬಟ್ಟೆ ಹೊಲಿಯುವ ಅಕ್ಕನಿಗೆ ಯಾರಿಂದಲೂ ಹೇಳಿಸಿಕೊಂಡು ಅಭ್ಯಾಸವಿಲ್ಲ, ಆದರೂ ಇವತ್ತು ಕಿವಿಗೊಟ್ಟು ಕೇಳಿದ್ದಳು.

ಬರುವವಳು ತಂಗಿ. ಎರಡು ವರ್ಷದ ಹಿಂದೆ ಅವಳು ಮನೆಯಲ್ಲಿ ಹೇಳದೆ ಮದುವೆಯಾದಾಗ, "ನಂಗೆ ತಂಗೀನೇ ಇರ್ಲಿಲ್ಲ ಅಂದ್ಕೋತೀನಿ" ಎಂದು ಅಕ್ಕ ಬಾಯಿಗೆ ಬಂದಂತೆ ಅಂದುಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ನರ್ಸ್ ತಂಗಿಗೆ ದೂರದ ಊರಿಗೆ ವರ್ಗ, ನಾಳೆಯೇ ಪ್ರಯಾಣ. ಬೀರುವಿನಲ್ಲಿ ಉಳಿದ ಸರ್ಟಿಫಿಕೇಟು ಒಯ್ಯಲು ಬರುತ್ತೇನೆಂದು ಫೋನ್ ಮಾಡಿದ್ದಳು. "ಹತ್ತೇ ನಿಮಿಷ ಇರೋದು." ಇವತ್ತು ತಪ್ಪಿದರೆ ತಂಗಿ ತಪ್ಪಿದಂತೆಯೇ ಎಂದು ಅಕ್ಕನಿಗೆ ಗೊತ್ತಿತ್ತು. ಬೊಂಡಾಸ್ ಅಂದರೆ ತಂಗಿಗೆ ಪ್ರಾಣ.

ಬೆಳಗಿನಿಂದ ಅಕ್ಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮೆಷಿನ್ ಮುಂದೆ ಕೂತು ಒಂದೇ ತೋಳನ್ನು ಎರಡು ಸಲ ಹೊಲಿದು ಬಿಚ್ಚಿದಳು. ಬೊಂಡಾಸಿನ ಚರ್ಮ ಸುಲಿದು, ಒಳಗಿನ ಗಾಜಿನಂಥ ಕಡ್ಡಿ ಎಳೆದು, ಬಳೆಬಳೆಯಾಗಿ ಕತ್ತರಿಸಿ, ಟೇಪು ಹಿಡಿದು ಅಳೆದೂ ನೋಡಿದಳು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿದ್ದೇ ತಡ, ಎಲ್ಲವನ್ನೂ ಬಾಣಲೆಗೆ ಸುರಿದು ಬಾಗಿಲಿಗೆ ಓಡಿದಳು.

ಹೆಜ್ಜೆ ಹೊರಗೇ ನಿಂತಿತು. ಬೆಲ್ ಆಗಲಿಲ್ಲ. ಅಕ್ಕನ ಕೈ ಚಿಲಕದ ಮೇಲಿತ್ತು. ತಾನಾಗಿ ತೆಗೆದರೆ ಕಾದು ನಿಂತಿದ್ದಳು ಅಂದುಕೊಳ್ಳುವುದಿಲ್ಲವೇ? ಅವಳೇ ಒತ್ತಲಿ. ಹೊರಗಿನವಳೂ ಅದೇ ಹೊಟ್ಟೆಯಲ್ಲಿ ಹುಟ್ಟಿದವಳು, ಹಟದಲ್ಲಿ ಸಮಪಾಲು ಪಡೆದವಳು. ಆ ಜಗ್ಗಾಟದಲ್ಲಿ ಅಕ್ಕನಿಗೆ ಒಲೆಯ ನೆನಪೇ ಹಾರಿಹೋಯಿತು. ಬೆಲ್ ಆದಾಗ ಆರು ನಿಮಿಷ ಕಳೆದಿತ್ತು.

"ಏನೋ ಸೀದ ವಾಸನೆ," ಎಂದಳು ತಂಗಿ, ಒಳಗೆ ಬರುತ್ತಲೇ.

ಅಕ್ಕ ಓಡಿಹೋಗಿ ಒಂದು ಚೂರು ಬಾಯಿಗಿಟ್ಟಳು. ರಬ್ಬರ್. ಅಳುವೇ ಬಂತು. ಬಾಣಲೆಗೆ ನೀರು ಸುರಿದು ಮುಚ್ಚಿದಳು. "ಹಾಳಾಗೋಯ್ತು ಕಣೇ. ಇನ್ನು ಮುಕ್ಕಾಲು ಗಂಟೆ ಬೇಯ್ಬೇಕು. ನಿಂಗೆಲ್ಲಿ ಪುರುಸೊತ್ತು?"

ತಂಗಿ ಗಡಿಯಾರ ನೋಡಿದಳು. ಬೀರುವಿನಿಂದ ಸರ್ಟಿಫಿಕೇಟು ತೆಗೆದು ಬ್ಯಾಗಿಗೆ ಹಾಕಿಕೊಂಡಳು. ಕಿಟಕಿಯವರೆಗೆ ಹೋದಳು, ಬಂದಳು, ಕುರ್ಚಿಯ ತುದಿಯಲ್ಲಿ ಕೂತಳು.

"ನಿಂಗೆ ಯಾವಾಗ್ಲೂ ಆತುರ ಅಕ್ಕ."

"ಬೆಲ್ ಒತ್ತೋಕೆ ನೀನು ಒಂದು ಯುಗ ಮಾಡ್ದೆ."

"ನೀನು ಒಳಗೇ ನಿಂತಿದ್ದೆ. ಬಾಗಿಲ ಕೆಳಗೆ ಕಾಲು ಕಾಣ್ತಿತ್ತು."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ, "ಅವತ್ತು ನಾನು ಹಾಗನ್ನಬಾರ್ದಿತ್ತು," ಎಂದಳು.

ತಂಗಿ ಬ್ಯಾಗಿನ ಜಿಪ್ಪು ಎಳೆದು, ಮತ್ತೆ ಬಿಚ್ಚಿದಳು. "ಅನ್ನಬಾರ್ದಿತ್ತು," ಎಂದಳು.

ಮುಕ್ಕಾಲು ಗಂಟೆಗೆ ಅಕ್ಕ ಮುಚ್ಚಳ ತೆಗೆದಳು. ಚಾಕುವಿನ ತುದಿ ಬೆಣ್ಣೆಗೆ ಇಳಿದಂತೆ ಇಳಿಯಿತು. ಬಡಿಸಿದರೆ ತಿಂದು ಹೊರಡುತ್ತಾಳೆ. ಮತ್ತೆ ಮುಚ್ಚಿ, "ಇನ್ನೂ ಆಗಿಲ್ಲ," ಎಂದಳು.

ತಂಗಿ ಎದ್ದು ಬಂದು, ತಾನೇ ಮುಚ್ಚಳ ಸರಿಸಿ, ಒಂದು ತುಂಡನ್ನು ಊದಿ ಬಾಯಿಗಿಟ್ಟಳು. ಅದು ಎಷ್ಟು ಮೆತ್ತಗಿದೆಯೆಂದು ಅವಳ ಮುಖವೇ ಹೇಳುತ್ತಿತ್ತು. ಅಕ್ಕ ಕಳ್ಳಿಯಂತೆ ತಲೆ ತಗ್ಗಿಸಿ ನಿಂತಳು.

"ಹೌದಕ್ಕ," ಎಂದಳು ತಂಗಿ, ಇನ್ನೊಂದು ಲೋಟ ನೀರನ್ನು ಬಾಣಲೆಗೆ ಹೊಯ್ಯುತ್ತ. "ಇನ್ನೂ ಗಟ್ಟೀನೇ ಇದೆ. ಬೇಯ್ಲಿ ಬಿಡು."