ಹುಳುವಿಲ್ಲದ ಒಂದು ಹಗಲು

ಅಂದು ಬೆಳಗ್ಗೆ ಜಂಗಮಕೋಟೆಯ ರವಿಚಂದ್ರನ ಅಂಗಳದಲ್ಲಿ ಗೂಡು ಬಿಡಿಸುವ ಕೆಲಸ ನಡೆದಿತ್ತು. ರೇಷ್ಮೆಹುಳುಗಳು ಗೂಡು ಕಟ್ಟಿದ್ದ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿದ್ದರು. ಅವನ ಹೆಂಡತಿ ವರಲಕ್ಷ್ಮಿಯೂ ಪಕ್ಕದ ಮನೆಯ ಅಮ್ಮಾಜಮ್ಮನೂ ಗೂಡುಗಳನ್ನು ಬಿಡಿಸಿ ಮಂಕರಿಗೆ ಹಾಕುತ್ತಿದ್ದರು. ತಾಯಿ ಚಿಕ್ಕಮುನಿಯಮ್ಮನವರು ಚಾಪೆಯ ಮೇಲೆ ಕುಳಿತು ಕೆಟ್ಟ ಗೂಡುಗಳನ್ನು ಆರಿಸಿ ತೆಗೆಯುತ್ತಿದ್ದರು. ಅವರಿಗೆ ಎಂಬತ್ತು ಸಮೀಪಿಸಿತ್ತು. ಕಣ್ಣು ಮಂದವಾಗಿತ್ತು, ಕಿವಿ ಮಾತ್ರ ಚುರುಕಾಗಿಯೇ ಇತ್ತು. ಒಂದೊಂದು ಗೂಡನ್ನೂ ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ, ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡುತ್ತಿದ್ದರು. ಅವರ ತೀರ್ಪು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

“ಗೂಡು ಕಲ್ಲಿದ್ದಂಗಿದೆ ಕಣೇ ವರಲಕ್ಷ್ಮಿ. ಬೆಳೆ ಗೆದ್ದಾಯ್ತು. ಈಗಲಾದ್ರೂ ನನ್ನ ಸಾವಿನ ವಿಷಯ ಮಾತಾಡಣ,” ಎಂದರು.

ಮಂಕರಿ ಹೊತ್ತು ಬರುತ್ತಿದ್ದ ರವಿಚಂದ್ರ ನಿಂತಲ್ಲೇ ನಿಂತ. “ಅಮ್ಮಾ! ಮನೇಲಿ ಹುಳು ಇದಾವೆ!”

“ಎಲ್ಲೋ ಇದಾವೆ? ಎಲ್ಲಾ ಗೂಡೊಳಗೆ ಸೇರ್ಕೊಂಡ್ವು.”

“ಗೂಡು ಮನೇಲೇ ತಾನೇ ಇರೋದು?”

ಅಮ್ಮಾಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಬಿಡಕ್ಕಾ, ನಿನ್ನ ಮಗ ಲಾಯರ್ ಆಗಬೇಕಿತ್ತು.”

ಹುಳು ಸಾಕಿರುವಾಗ ಸಾವಿನ ಮಾತು ಆಡಬಾರದೆಂಬುದು ಆ ಮನೆಯ ಪದ್ಧತಿ. ಆಡಿದರೆ ಹುಳುವಿಗೆ ರೋಗ ತಗಲುತ್ತದೆ ಎಂದು ನಂಬಿದ್ದರು. ಸಾವಿನ ಮನೆಗೆ ಹೋಗಿ ಬಂದವರು ಹೊಸ್ತಿಲು ದಾಟುವಂತಿರಲಿಲ್ಲ. ನೆಂಟರು ತೀರಿಕೊಂಡ ಸುದ್ದಿ ತಂದವರು ಕೂಡ ರಸ್ತೆಯಲ್ಲೇ ನಿಂತು, ‘ಅವರು ಊರಿಗೆ ಹೋದರು’ ಎಂದಷ್ಟೇ ಹೇಳಿ ಹೋಗುತ್ತಿದ್ದರು. ಈ ಪದ್ಧತಿಯನ್ನು ಚಿಕ್ಕಮುನಿಯಮ್ಮನವರೇ ಸೊಸೆಯಾಗಿ ಕಲಿತು, ಅತ್ತೆಯಾಗಿ ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದಿದ್ದರು. ಆಗ ಒಂದು ಬೆಳೆಗೂ ಮತ್ತೊಂದು ಬೆಳೆಗೂ ನಡುವೆ ಬಿಡುವಿರುತ್ತಿತ್ತು. ಹೇಳಬೇಕಾದದ್ದನ್ನು ಆ ಬಿಡುವಿನಲ್ಲಿ ಹೇಳಿ ಮುಗಿಸುತ್ತಿದ್ದರು. ರವಿಚಂದ್ರ ಎರಡನೆಯ ಹುಳುಮನೆಯನ್ನು ಕಟ್ಟಿಸಿದ ಮೇಲೆ ಆ ಬಿಡುವು ಹೋಯಿತು. ಒಂದರಲ್ಲಿ ಗೂಡು ಬಲಿಯುವ ಹೊತ್ತಿಗೆ ಇನ್ನೊಂದಕ್ಕೆ ಮರಿಹುಳು ಬಂದಿರುತ್ತಿತ್ತು. ಆದಾಯ ಏರಿತು, ಮಾತಿಗೆ ಸಿಗುತ್ತಿದ್ದ ಕಾಲ ಸೊನ್ನೆಗೆ ಇಳಿಯಿತು.

ಅವರು ಆಡಬೇಕೆಂದಿದ್ದ ಮಾತು ಹೊಸದಲ್ಲ. ಅವರ ಗಂಡ ವೆಂಕಟರವಣಪ್ಪನವರು ಪಾರ್ಶ್ವವಾಯು ಬಡಿದು ದೂರದ ಖಾಸಗಿ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಿದ್ದರು. ಚೇತರಿಕೆಯ ಆಸೆ ಇಲ್ಲವೆಂದು ವೈದ್ಯರು ಹೇಳಿದ ಮೇಲೂ ಉಸಿರಾಟದ ಯಂತ್ರ ನಡೆಯುತ್ತಲೇ ಇತ್ತು. ಕೊಳವೆ ಕಿತ್ತುಕೊಳ್ಳದಿರಲೆಂದು ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಸಾಕೆನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಕೊಟ್ಟ ಕಾಗದಗಳಿಗೆಲ್ಲ ರವಿಚಂದ್ರ ಸಹಿ ಹಾಕಿದ. ಕೊನೆಯ ಗುಟುಕು ನೀರನ್ನು ಹೆಂಡತಿಯ ಕೈಯಿಂದ ಪಡೆಯದೆ ಅವರು ಹೋದರು. ಆ ಬಗ್ಗೆ ತಾಯಿ ಮಗ ಮಾತನಾಡಿಕೊಂಡಿರಲಿಲ್ಲ. ಮೊದಲು ದುಃಖ ಅಡ್ಡ ಬಂತು. ಆಮೇಲೆ ಹುಳು ಅಡ್ಡ ಬಂದವು.

ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗೆಂದು ಹೋದಾಗ ಸರ್ಕಾರಿ ಆಸ್ಪತ್ರೆಯ ವೈದ್ಯೆ ಅಮೃತ ಚಿಕ್ಕಮುನಿಯಮ್ಮನವರಿಗೆ ಒಂದು ವಿಷಯ ತಿಳಿಸಿದ್ದರು. ಗುಣವಾಗದ ಸ್ಥಿತಿ ಬಂದರೆ ತನಗೆ ಯಾವ ಚಿಕಿತ್ಸೆ ಬೇಡವೆಂಬುದನ್ನು ಮನುಷ್ಯನು ಬುದ್ಧಿ ನೆಟ್ಟಗಿರುವಾಗಲೇ ಬರೆದಿಡಬಹುದು. ಸರ್ವೋಚ್ಚ ನ್ಯಾಯಾಲಯ ಅದಕ್ಕೆ ಒಪ್ಪಿದೆ. ತಾನು ಮಾತನಾಡಲಾಗದಾಗ ತನ್ನ ಪರವಾಗಿ ಮಾತನಾಡುವವರ ಹೆಸರನ್ನೂ ಅದರಲ್ಲಿ ಬರೆಯಬೇಕು. ಚಿಕ್ಕಮುನಿಯಮ್ಮನವರ ಮನಸ್ಸಿನಲ್ಲಿದ್ದ ಹೆಸರು ಒಂದೇ. ಆ ಹೆಸರಿನವನು ಪ್ರತಿಸಲವೂ ಹುಳುವಿನ ಹಿಂದೆ ಅಡಗುತ್ತಿದ್ದ.

ಆದರೆ ಅಂದು ಅವನ ಲೆಕ್ಕದಲ್ಲಿ ಒಂದು ತಪ್ಪು ನುಸುಳಿತ್ತು. ಮರಿಹುಳು ಕೊಡುವ ಕೇಂದ್ರದವರು ತಡಮಾಡಿದ್ದರಿಂದ ಹೊಸ ಹುಳುಮನೆ ಖಾಲಿಯಾಗಿತ್ತು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಮಾರಿ, ಅದೇ ಗಾಡಿಯಲ್ಲಿ ಮರಿಹುಳು ತರಬೇಕಾಗಿತ್ತು. ಇದನ್ನು ಸೊಸೆಯಿಂದ ತಿಳಿದ ಚಿಕ್ಕಮುನಿಯಮ್ಮನವರು ಕೈ ತೊಳೆದು, ಮಡಿಚಿಟ್ಟ ಸೀರೆ ಉಟ್ಟು, ಟೆಂಪೊದ ಮುಂದಿನ ಸೀಟಿನಲ್ಲಿ ಕುಳಿತುಬಿಟ್ಟರು.

“ನೀನೆಲ್ಲಿಗಮ್ಮಾ?”

“ಮಾರ್ಕೆಟ್ ನೋಡಿ ಬಹಳ ಕಾಲ ಆಯ್ತು ಕಣಪ್ಪ. ನಡಿ, ಗೂಡಿನ ತೂಕ ಇಳೀತದೆ.”

ವರಲಕ್ಷ್ಮಿ ನಗು ತಡೆದುಕೊಂಡು ಅವರ ಪಕ್ಕದಲ್ಲಿ ಕುಳಿತಳು.

ಗೂಡಿನ ಮಾರುಕಟ್ಟೆಯಲ್ಲಿ ರೈತನು ತನ್ನ ಗೂಡನ್ನು ತೊಟ್ಟಿಗೆ ಸುರಿದ ಮೇಲೆ ಬೆಲೆ ನಿಗದಿಯಾಗುವವರೆಗೆ ಅಲ್ಲಿಂದ ಕದಲುವುದಿಲ್ಲ. ನೂಲು ತೆಗೆಯುವ ರೀಲರ್‌ಗಳು ಬಂದು, ಗೂಡಿನಲ್ಲಿ ಕೈಯಾಡಿಸಿ, ಮೊಬೈಲಿನಲ್ಲಿ ಹರಾಜಿನ ದರ ಹಾಕುತ್ತಾರೆ. ರವಿಚಂದ್ರನೂ ತನ್ನ ತೊಟ್ಟಿಯ ಪಕ್ಕದಲ್ಲಿ ಕುಳಿತ. ಚಿಕ್ಕಮುನಿಯಮ್ಮನವರು ಅವನೆದುರು ಮಂಕರಿ ಬೋರಲು ಹಾಕಿಕೊಂಡು ಕುಳಿತರು.

“ಏಮಿರಾ ರವೀ, ಈಗ ಮನೇಲಿ ಹುಳು ಇದಾವಾ?”

ರವಿಚಂದ್ರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹಳೆಯ ಹುಳುಮನೆ ಖಾಲಿ. ಹೊಸದೂ ಖಾಲಿ. ಎರಡು ಸೊನ್ನೆ ಕೂಡಿದರೆ ಸೊನ್ನೆಯೇ.

“ಇಲ್ಲ,” ಎಂದ.

“ಹಂಗಾದ್ರೆ ಕೇಳು. ಗುಣ ಆಗೋ ಕಾಯಿಲೆ ಬಂದ್ರೆ ನಂಗೆ ಎಲ್ಲಾ ಮಾಡ್ಸು. ಸೂಜಿ ಚುಚ್ಚು, ಕೊಯ್ಸು, ಮೆಷಿನ್ನೂ ಹಾಕ್ಸು. ಗುಣ ಆಗಲ್ಲ ಅಂತ ಡಾಕ್ಟ್ರುಗಳೇ ಹೇಳಿದ ಮೇಲೆ ಮೆಷಿನ್ ಬೇಡ. ನೋವಿಗೆ ಔಷಧಿ ಕೊಡ್ಲಿ. ಮನೇಗೆ ಕರ್ಕೊಂಡು ಬಾ. ಇದನ್ನ ನೋಟರಿ ಹತ್ರ ಬರೆಸಬೇಕು. ನನ್ನ ಪರವಾಗಿ ಹೇಳೋನು ನೀನು ಅಂತ ಸಹಿ ಹಾಕಬೇಕು.”

“ಡಾಕ್ಟ್ರು ಹೇಳಿದ್ದೆಲ್ಲ ನಿಜ ಆಗ್ತದಾ? ಅಮ್ಮಾಜಮ್ಮನ ಮಗ ಆಕ್ಸಿಡೆಂಟ್ ಆಗಿ ಮೆಷಿನ್ ಮೇಲಿದ್ದ. ಈಗ ಟ್ರ್ಯಾಕ್ಟರ್ ಓಡಿಸ್ತಾನೆ.”

“ಅವನು ಗುಣ ಆಗ್ತಾನೆ ಅಂತ್ಲೇ ಹಾಕಿದ್ರು. ನಾನೂ ಟ್ರ್ಯಾಕ್ಟರ್ ಓಡ್ಸಂಗಿದ್ರೆ ಹಾಕ್ಸಪ್ಪ, ಬೇಡ ಅನ್ನಲ್ಲ.”

ಅಕ್ಕಪಕ್ಕದ ತೊಟ್ಟಿಯವರು ನಕ್ಕರು. ರವಿಚಂದ್ರನಿಗೆ ನಗು ಬರಲಿಲ್ಲ.

“ಊರು ಏನಂತದೆ ಗೊತ್ತಾ? ದುಡ್ಡು ಉಳಿಸಕ್ಕೆ ತಾಯಿನ ಸಾಯಿಸ್ದ ಅಂತಾರೆ.”

“ನಾನು ಹಾಕ್ತೀನಿ ಬಿಡಿ ಸಹಿ,” ಎಂದಳು ವರಲಕ್ಷ್ಮಿ.

“ನೀನು ಸುಮ್ನಿರಮ್ಮ. ಮಗ ಅಂದ್ರೆ ಒಂದು ವಾರ ಮಾತಾಡ್ತಾರೆ. ಸೊಸೆ ಅಂದ್ರೆ ಮೂರು ತಲೆಮಾರು ಮಾತಾಡ್ತಾರೆ.”

ಆ ಹೊತ್ತಿಗೆ ರೀಲರ್ ಚಾಂದ್‌ಪಾಷ ಬಂದ. ವೆಂಕಟರವಣಪ್ಪನವರ ಕಾಲದಿಂದಲೂ ಈ ಮನೆಯ ಗೂಡು ಕೊಳ್ಳುತ್ತಿದ್ದವನು. ಗೂಡಿನೊಳಗೆ ಕೈ ಹಾಕಿದವನು ಮಾತು ಕಿವಿಗೆ ಬಿದ್ದು, ಕೈಯನ್ನು ಅಲ್ಲಿಯೇ ಬಿಟ್ಟ.

“ಅಮ್ಮಾ, ಬೇಜಾರು ಮಾಡ್ಕೋಬೇಡಿ. ಜೀವ ಕೊಟ್ಟವನೇ ಅದನ್ನ ತಗೋಬೇಕು. ನಾವು ಕೈ ಹಾಕಬಾರದು.”

“ನಾನೂ ಅದನ್ನೇ ಹೇಳ್ತಿರೋದು ಸಾಬ್ರೇ. ಅವನು ತಗೊಳಕ್ಕೆ ಬಂದಾಗ ನೀವು ಮೆಷಿನ್ ಇಟ್ಕೊಂಡು ಬಾಗಿಲಲ್ಲಿ ನಿಲ್ಲಬೇಡಿ.”

ಚಾಂದ್‌ಪಾಷ ಯೋಚಿಸಿದ. ಗೂಡಿನಿಂದ ಕೈ ತೆಗೆದ. “ರವಿಯಣ್ಣ, ಅಮ್ಮನ ಲೆಕ್ಕದಲ್ಲಿ ತಪ್ಪು ಹುಡುಕಕ್ಕೆ ನನ್ನ ಕೈಲಾಗಲ್ಲ.”

ರವಿಚಂದ್ರ ತಲೆ ತಗ್ಗಿಸಿ ಕುಳಿತಿದ್ದ. ತಾಯಿಗೆ ಮಾತ್ರ ಕೇಳುವಂತೆ, “ಅಪ್ಪನಿಗೆ ಮೆಷಿನ್ ಹಾಕ್ಸಿದ್ದು ತಪ್ಪು ಅಂತ ಇದೆಲ್ಲ ಹೇಳ್ತಿದೀಯಾ?” ಎಂದ.

ಚಿಕ್ಕಮುನಿಯಮ್ಮನವರು ಮಂಕರಿಯನ್ನು ಮಗನ ಹತ್ತಿರಕ್ಕೆ ಎಳೆದುಕೊಂಡರು.

“ಇಲ್ಲ ಕಣೋ. ಅವರು ಏನೂ ಹೇಳಿರ್ಲಿಲ್ಲ. ಅವರ ಮನಸ್ಸಲ್ಲಿ ಏನಿತ್ತು ಅಂತ ನೀನೊಬ್ಬನೇ ಊಹಿಸ್ಬೇಕಾಯ್ತು. ನಾವೆಲ್ಲ ನಿನ್ನ ಹಿಂದೆ ನಿಂತ್ಕೊಂಡು ನಿನ್ನ ಮುಖ ನೋಡ್ತಿದ್ವಿ. ಆ ಭಾರ ನಿನ್ನ ತಲೆ ಮೇಲೆ ಇನ್ನೊಂದು ಸಲ ಹಾಕಲ್ಲ. ಸಾಕು ಅನ್ನೋದು ನನ್ನ ಮಾತು. ನಾನೇ ಹೇಳ್ತಿದೀನಿ, ಇಷ್ಟು ಜನರ ಮುಂದೆ ಹೇಳ್ತಿದೀನಿ. ನೀನು ಆ ಮಾತನ್ನ ಡಾಕ್ಟ್ರಿಗೆ ಮುಟ್ಟಿಸು. ನಿರ್ಧಾರ ಮಾಡೋದು ನಿನ್ನ ಕೆಲಸ ಅಲ್ಲ.”

ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಅಷ್ಟರಲ್ಲಿ ಹರಾಜು ಮುಗಿದು ಅವರ ಗೂಡಿಗೆ ಒಳ್ಳೆಯ ದರ ಬಂದಿತ್ತು, ಕೊಂಡವನು ಚಾಂದ್‌ಪಾಷ.

ತೂಕ ಮುಗಿದ ಮೇಲೆ ರವಿಚಂದ್ರ ಗಾಡಿಯ ಕಡೆಗೆ ಹೋಗಲಿಲ್ಲ. “ಆ ನೋಟರಿ ಎಲ್ಲಿ ಕೂತ್ಕೋತಾರೆ?” ಎಂದು ಚಾಂದ್‌ಪಾಷನನ್ನು ಕೇಳಿದ.

ನೋಟರಿ ಭಾನುಪ್ರಕಾಶ್ ಇನ್ನೂ ಚಿಕ್ಕ ವಯಸ್ಸಿನವರು. ಕ್ರಯಪತ್ರ, ಬಾಡಿಗೆ ಕರಾರು ಬಿಟ್ಟು ಬೇರೆ ಕೆಲಸ ಬಂದದ್ದಕ್ಕೆ ಅವರಿಗೆ ಸಂತೋಷವಾಯಿತು. ಕುರ್ಚಿಗಳನ್ನು ಹಾಕಿಸಿ, ಅಜ್ಜಿಯನ್ನು ಒಂದೊಂದೇ ಪ್ರಶ್ನೆ ಕೇಳಿದರು. ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದೂ ಕೇಳಿದರು.

“ನಾನೇ ಇವರಿಗೆ ಒತ್ತಾಯ ಮಾಡಿ ಸುಸ್ತಾಗಿದೀನಿ,” ಎಂದರು ಚಿಕ್ಕಮುನಿಯಮ್ಮನವರು.

ರವಿಚಂದ್ರ ತನ್ನ ಸಂಶಯಗಳನ್ನು ಮುಂದಿಟ್ಟ. “ಸಾರ್, ನಾಳೆ ನನ್ನಂಥ ಮಗ ಒಬ್ಬ ಆಸ್ತಿ ಆಸೆಗೆ ಇದನ್ನ ತೋರಿಸಿ ಬೇಗ ಮುಗಿಸಿ ಅಂದ್ರೆ?”

“ಕೇಳಬೇಕಾದ ಪ್ರಶ್ನೆಯೇ. ನಿಮ್ಮೊಬ್ಬರ ಮಾತಿನಿಂದ ಏನೂ ಆಗುವುದಿಲ್ಲ. ಚೇತರಿಕೆ ಸಾಧ್ಯವಿಲ್ಲ ಎಂದು ಆಸ್ಪತ್ರೆಯ ವೈದ್ಯರ ತಂಡ ಹೇಳಬೇಕು. ಎರಡನೆಯ ತಂಡ ಅದನ್ನು ಪರಿಶೀಲಿಸಿ ಒಪ್ಪಬೇಕು. ಸೂಜಿ ಕೊಟ್ಟು ಜೀವ ತೆಗೆಯುವುದಕ್ಕೆ ಈ ದೇಶದಲ್ಲಿ ಯಾರಿಗೂ ಅಧಿಕಾರವಿಲ್ಲ, ಅದು ಅಪರಾಧ. ಇಲ್ಲಿ ನಡೆಯುವುದು, ಪ್ರಯೋಜನವಿಲ್ಲದ ಚಿಕಿತ್ಸೆಯನ್ನು ನಿಲ್ಲಿಸುವುದು ಮಾತ್ರ. ಅಜ್ಜಿ ಮನಸ್ಸು ಬದಲಾಯಿಸಿದರೆ ಯಾವತ್ತು ಬೇಕಾದರೂ ಇದನ್ನು ರದ್ದು ಮಾಡಬಹುದು.”

“ಆಸ್ತಿ ಅಂದ್ರೆ ನಂದು ಈ ಕಿವಿ ಓಲೆ ಒಂದೇ,” ಎಂದರು ಅಜ್ಜಿ. “ಇದರ ಮೇಲೆ ವರಲಕ್ಷ್ಮಿ ಆಗ್ಲೇ ಕಣ್ಣು ಹಾಕಿದಾಳೆ.”

“ಅಯ್ಯೋ ಅತ್ತೆ, ಆ ಹಳೇ ಮಾಡೆಲ್ ಯಾರಿಗೆ ಬೇಕು!”

ಕಾಗದ ಸಿದ್ಧವಾಯಿತು. ಭಾನುಪ್ರಕಾಶ್ ಅದನ್ನು ಗಟ್ಟಿಯಾಗಿ ಓದಿ ಹೇಳಿದರು. ಸಾಕ್ಷಿಗಳಾಗಿ ಚಾಂದ್‌ಪಾಷನೂ ಎದುರಿನ ಜೆರಾಕ್ಸ್ ಅಂಗಡಿಯ ಹರಿಕೃಷ್ಣನೂ ಬಂದರು. ಚಿಕ್ಕಮುನಿಯಮ್ಮನವರು ಹೆಬ್ಬೆಟ್ಟು ಒತ್ತಲು ಒಪ್ಪದೆ, ಪೆನ್ನು ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ‘ಮ್ಮ’ ಕಾಗದದ ಅಂಚಿಗೆ ತಾಗಿ ನಿಂತಿತು.

ಪೆನ್ನು ರವಿಚಂದ್ರನ ಕೈಗೆ ಬಂತು. ಅವನು ಬರೆದದ್ದನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಓದಿದ. ‘ನನ್ನ ಪರವಾಗಿ’ ಎಂಬಲ್ಲಿ ಬೆರಳಿಟ್ಟು ನಿಂತ. ಯಾರೂ ಅವಸರ ಮಾಡಲಿಲ್ಲ.

“ಅಮ್ಮ, ಆವತ್ತು ನಾನು ಅತ್ತುಬಿಟ್ರೆ?”

“ಅಳೋ. ಅತ್ಕೊಂಡೇ ಹೇಳು. ಅಳೋರ ಮಾತೂ ಡಾಕ್ಟ್ರಿಗೆ ಅರ್ಥ ಆಗ್ತದೆ.”

ಅವನು ಸಹಿ ಹಾಕಿದ.

ಹೊರಗೆ ಬಂದಾಗ ಬಿಸಿಲು ಏರಿತ್ತು. ಮೂವರೂ ಪಕ್ಕದ ಹೋಟೆಲಿಗೆ ಹೋಗಿ ದೋಸೆ ತಿಂದರು. ಗಂಡ ಹೆಂಡತಿ ಎರಡೆರಡು ತಿಂದರೆ ಚಿಕ್ಕಮುನಿಯಮ್ಮನವರು ಮೂರನೆಯದನ್ನೂ ಕೇಳಿ ಹಾಕಿಸಿಕೊಂಡರು. ರವಿಚಂದ್ರನಿಗೆ ಮಾತಿನ ಕಟ್ಟೆಯೊಡೆದಂತಾಗಿತ್ತು. ಮನೆಗೆ ಕರೆತಂದ ಮೇಲೆ ಮಂಚ ಎಲ್ಲಿ ಹಾಕಬೇಕು, ಯಾರು ಯಾರಿಗೆ ಹೇಳಿಕಳಿಸಬೇಕು ಎಂದು ಒಂದೊಂದಾಗಿ ಕೇಳಿದ. ತಾಯಿ ಮದುವೆಯ ಏರ್ಪಾಡು ಹೇಳುವ ಹಾಗೆ ಉತ್ತರ ಹೇಳುತ್ತಾ ಹೋದರು. ಮಂಚ ನಡುಮನೆಯಲ್ಲಿರಲಿ, ಜನ ಓಡಾಡುವುದು ಕಾಣಬೇಕು. ಗೌರಿಬಿದನೂರಿನ ತಂಗಿ ಬಂದರೆ ಅಳುವ ಮೊದಲು ಅವಳಿಗೆ ಊಟ ಹಾಕಿ. ಹಸಿದರೆ ಅವಳ ರಾಗ ಕೆಡುತ್ತದೆ. ವರಲಕ್ಷ್ಮಿ ನಕ್ಕು ನಕ್ಕು ಕೆಮ್ಮಿದಳು.

“ಬಾಯಿಗೆ ನೀರು?” ಎಂದು ಮಗ ಕೇಳಿದ.

ಚಿಕ್ಕಮುನಿಯಮ್ಮನವರು ತಮ್ಮ ಮುಂದಿದ್ದ ಕಾಫಿ ಲೋಟದಿಂದ ಒಂದು ಗುಟುಕು ಕುಡಿದು ಮುಖ ಕಿವುಚಿದರು.

“ನೀರು ಬೇಡ ಕಣಪ್ಪ. ಶುಗರ್ ಶುಗರ್ ಅಂತ ಈ ಸಪ್ಪೆ ಕಾಫಿ ಕುಡ್ಸಿ ನನ್ನ ನಾಲಿಗೆ ಕೊಂದ್ರಿ ನೀವು. ಆವತ್ತಾದ್ರೂ ಎರಡು ಚಮಚ ಸಕ್ಕರೆ ಹಾಕಿದ ಕಾಫಿ ಬಿಡು ಬಾಯಿಗೆ.”

ರವಿಚಂದ್ರ ತಾಯಿಯ ಮುಖ ನೋಡಿದ. ಆಮೇಲೆ ಅವರ ಲೋಟವನ್ನು ಪಕ್ಕಕ್ಕೆ ಸರಿಸಿ, ಸಪ್ಲೈಯರ್‌ನನ್ನು ಕರೆದ.

“ಅಣ್ಣ, ಅರ್ಧ ಲೋಟ ಕಾಫಿ. ಸಕ್ಕರೆ ಹಾಕಿ.”