ಕಣ್ಣು ಬೀಳದ ಸೈಕಲ್ಲು

ತನ್ನದನ್ನು ಯಾಕೆ ಬಿಟ್ಟ?

ಬಚ್ಚಲ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತ ಏಕಾಂತಯ್ಯನ ತಲೆಯಲ್ಲಿ ಇದೊಂದೇ ಪ್ರಶ್ನೆ. ವಠಾರದ ಓಣಿಯಲ್ಲಿ ನಿನ್ನೆ ಎರಡು ಸೈಕಲ್ಲು ನಿಂತಿದ್ದವು. ಪಕ್ಕದ ಮನೆಯ ಕೆಂಚಪ್ಪನದು ಹೊಸದು, ಡೈನಮೋ ದೀಪದ್ದು. ಅದಕ್ಕೆ ಬೀಗ, ಬೀಗ ಸಾಲದೆ ಸರಪಳಿ. ಏಕಾಂತಯ್ಯನದಕ್ಕೆ ಏನೂ ಇಲ್ಲ. ಬೀಗ ಕೆಟ್ಟು ವರ್ಷವಾಗಿತ್ತು. ರಾತ್ರಿ ಕೂತು ಸರಪಳಿ ಕತ್ತರಿಸುವ ಕಷ್ಟಕ್ಕೆ ಬಿದ್ದು ಅದನ್ನು ಒಯ್ದ ಕಳ್ಳ, ಸುಮ್ಮನೆ ತಳ್ಳಿಕೊಂಡು ಹೋಗಬಹುದಾಗಿದ್ದುದನ್ನು ಮುಟ್ಟಿಯೂ ಇರಲಿಲ್ಲ.

ಏಕಾಂತಯ್ಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವವನು. ಉತ್ತರ ಅವನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಮತ್ತೆ ಮತ್ತೆ ಕೇಳಿಕೊಳ್ಳುತ್ತಿದ್ದ.

ಓಣಿಯಲ್ಲಿ ಸಾವಿನ ಮನೆಯ ಮುಂದಿನಂಥ ಗುಂಪು. ಕೆಂಚಪ್ಪನ ಹೆಂಡತಿ ಚಿಕ್ಕಲಕ್ಷ್ಮಮ್ಮ ಹೊಸ್ತಿಲ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಏಕಾಂತಯ್ಯನ ಹೆಂಡತಿ ಸತ್ಯವತಿ ಒಂದು ಕೈಯಲ್ಲಿ ಅವಳ ಬೆನ್ನು ಸವರುತ್ತ, ಇನ್ನೊಂದರಲ್ಲಿ ಕಾಫಿ ಲೋಟ ಹಿಡಿದಿದ್ದಳು. ಏಕಾಂತಯ್ಯನಿಗೆ ಇನ್ನೂ ಕಾಫಿ ಬಂದಿರಲಿಲ್ಲ.

"ಯಾರ ಕಣ್ಣು ಬಿತ್ತೋ ಅಕ್ಕಾ. ಭಾನುವಾರ ಭಾನುವಾರ ಅದ್ರ ಮೇಲೆ ಕೂತ್ಕೊಂಡು ತವರಿಗೆ ಹೋಗ್ತಿದ್ದೆ. ಬೀಳ್ದೆ ಇರ್ತದಾ?"

"ಚೆನ್ನಾಗಿರೋದ್ರ ಮೇಲೇ ಬೀಳೋದು ಕಣೇ," ಎಂದಳು ಸತ್ಯವತಿ. "ನಮ್ಮನೇದು ನೋಡು, ಅಲ್ಲೇ ಇದೆ."

ಆ ಭಾನುವಾರಗಳು ಏಕಾಂತಯ್ಯನಿಗೆ ಗೊತ್ತು. ಕೆಂಚಪ್ಪ ತುಳಿಯುವುದು, ಹಿಂದೆ ಕನಕಾಂಬರ ಮುಡಿದ ಚಿಕ್ಕಲಕ್ಷ್ಮಮ್ಮ ಗಂಡನ ಸೊಂಟ ಹಿಡಿದು ಕೂರುವುದು. ಅವರು ತಿರುವು ದಾಟುವವರೆಗೆ ಸತ್ಯವತಿ ಬಾಗಿಲಲ್ಲಿ ನಿಂತಿರುತ್ತಿದ್ದಳು. ಅವಳ ಬೆನ್ನ ಹಿಂದೆ ಪೇಪರು ಹಿಡಿದ ಏಕಾಂತಯ್ಯ ಇಬ್ಬರನ್ನೂ ನೋಡುತ್ತಿದ್ದ. ತನ್ನನ್ನೂ ಹಾಗೆ ಕೂರಿಸಿಕೊಂಡು ಹೋಗಲು ಒಮ್ಮೆ ಅವಳು ಕೇಳಿದ್ದಳು. ಡಬಲ್ ರೈಡ್ ಕಾನೂನಿಗೆ ವಿರುದ್ಧ ಎಂದಿದ್ದ. ಅವಳು ಮತ್ತೆ ಕೇಳಲಿಲ್ಲ.

ಅಷ್ಟರಲ್ಲಿ ಕೆಂಚಪ್ಪ ಬಂದ. ಹೇರೋಹಳ್ಳಿಯ ಒಕ್ಕಲಿನ ಮನೆಯವನು, ಈಗ ಕಾರ್ಖಾನೆಯ ಕೆಲಸ.

"ಸ್ಟೇಷನ್ನಲ್ಲಿ ಬರ್ಕೊಂಡ್ರು ಸಾರ್. ಸಿಗಲ್ಲ ಬಿಡಿ. ಹೆಗ್ಗನಹಳ್ಳಿ ರಾಮಕ್ಕನ ಹತ್ರ ಅಂಜನ ನೋಡುಸ್ಬೇಕು. ನಿಮ್ ಸೈಕಲ್ ಕೊಡ್ತೀರಾ?"

"ನಾನೂ ಬರ್ತೀನಿ," ಎಂದ ಏಕಾಂತಯ್ಯ. ಯಾಕೆ ಅಂದನೋ ಅವನಿಗೇ ತಿಳಿಯಲಿಲ್ಲ.

"ಹಂಗಾದ್ರೆ ಹಿಂದೆ ಕೂತ್ಕೊಳ್ಳಿ. ಏರು ನಿಮಗಾಗಲ್ಲ."

"ಡಬಲ್ ರೈಡ್..."

"ಇವತ್ತು ನನ್ನ ಕಂಡ್ರೆ ಪೋಲೀಸ್ನೋರೇ ಮಖ ತಿರುಗಿಸ್ಕೋತಾರೆ, ಬನ್ನಿ ಸಾರ್."

ಕ್ಯಾರಿಯರ್ ಮೇಲೆ ಏಕಾಂತಯ್ಯ ಪಂಚೆ ಒತ್ತಿಕೊಂಡು ಕೂತ. ಸತ್ಯವತಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಅವಳು ನಕ್ಕು ಬಹಳ ದಿನವಾಗಿತ್ತು.

ಮಾಗಡಿ ರಸ್ತೆಯುದ್ದಕ್ಕೂ ಸೈಕಲ್ಲು ಕಿರುಗುಟ್ಟಿತು. "ನಿಮ್ದು ಗಟ್ಟಿ ಸಾರ್," ಎಂದ ಕೆಂಚಪ್ಪ ಏದುಸಿರಿನ ನಡುವೆ. "ಸಂತೇಲಿ ಬಿಟ್ ಬಂದ್ರೂ ತಾನೇ ಮನೆಗೆ ಬತ್ತದೆ, ಮುದಿ ಎತ್ತಿನಂಗೆ."

ರಾಮಕ್ಕ ಕಾಲು ಮುಂದಾಗಿ ಹುಟ್ಟಿದವಳಂತೆ. ಅಂಥವರಿಗೇ ಅಂಜನದಲ್ಲಿ ಕಾಣುವುದು. ವೀಳ್ಯದೆಲೆಗೆ ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆ ಸವರಿ, ಕಿಟಕಿಯ ಬೆಳಕಿಗೆ ಹಿಡಿದು, ಅದರೊಳಗೆ ಕಣ್ಣು ನೆಟ್ಟಳು.

"ಒಯ್ದೋನು ಹೊರಗಿನೋನು. ಬೆನ್ನು ಕಾಣ್ತದೆ, ಮಖ ಕಾಣಾಕಿಲ್ಲ. ಅವನ್ನ ಕರ್ಸ್ಕೊಂಡಿದ್ದು ಕಣ್ಣು. ಕಣ್ಣು ಹಾಕ್ದೋನು ನಿಮ್ ವಠಾರದಾಗೇ ಅವ್ನೆ."

ಇದನ್ನು ಏಕಾಂತಯ್ಯ ನಂಬುವವನಲ್ಲ. ಆದರೂ ರಾಮಕ್ಕ ತಲೆಯೆತ್ತುವುದನ್ನು ಕಾದ. ಹೆದರಿಕೆಯ ಕೆಳಗೆ ಇನ್ನೇನೋ ಇತ್ತು, ಹೆಚ್ಚುಕಡಿಮೆ ಸಂತೋಷದಂಥದು. ಅವಳು ತಲೆಯೆತ್ತಿ ನೇರ ಅವನನ್ನೇ ನೋಡಿದಳು.

"ಸ್ವಾಮೇರು ಒಸಿ ಸರೀರಿ. ಬೆಳಕಿಗೆ ಅಡ್ಡ ಆಯ್ತದೆ."

ಹೊರಗೆ ಬಂದ ಮೇಲೆ ಕೆಂಚಪ್ಪ ವಠಾರದವರನ್ನು ಒಬ್ಬೊಬ್ಬರನ್ನಾಗಿ ಅಳೆದು ನೋಡಿದ. ಮೂಲೆಮನೆ ಮೇಸ್ತ್ರಿ. ಟೈಲರು. ಓನರ್ ಭಾವಮೈದ. "ಯಾರಿರ್ಬೋದು ಸಾರ್?"

"ನಾನೇ."

ಕೆಂಚಪ್ಪ ಹ್ಯಾಂಡಲ್ ಬಿಟ್ಟು ನಕ್ಕ. "ನೀವಾ? ದೇವ್ರಂಥೋರು. ಇಂಥದ್ರಲ್ಲೆಲ್ಲ ನಿಮಗೆಲ್ಲಿ ಸಾರ್ ಆಸೆ."

"ನಿಜ. ದಿನಾ ನೋಡ್ತಿದ್ದೆ."

"ನೋಡಿದ್ರೆ ಕಣ್ಣಾಯ್ತದಾ? ಅದಕ್ಕೆ ಹೊಟ್ಟೆ ಉರೀಬೇಕು ಸಾರ್."

ಸೈಕಲ್ಲನ್ನು ಏಕಾಂತಯ್ಯನಿಗೆ ಬಿಟ್ಟು ಅವನು ನಡೆದೇ ಹೇರೋಹಳ್ಳಿಯ ದಾರಿ ಹಿಡಿದ. ಅಪ್ಪ ಹೋದದ್ದಕ್ಕಿಂತ ಒಳ್ಳೆಯದು ಕೊಡಿಸುತ್ತಾನಂತೆ. "ಸತ್ಯಕ್ಕಂಗೆ ಹೇಳ್ಬಿಡಿ, ನಮ್ಮವ್ಳಿಗೆ ಒಸಿ ಸಮಾಧಾನ ಮಾಡ್ಲಿ."

ಸುಂಕದಕಟ್ಟೆಯ ಹೊಂಗೆ ಮರದ ಕೆಳಗೆ ಏಕಾಂತಯ್ಯ ಸೈಕಲ್ಲು ನಿಲ್ಲಿಸಿ, ಎದುರಿನ ಹೋಟೆಲಿನ ಬೆಂಚಿನ ಮೇಲೆ ಕೂತ. ಮೊದಲು ಕಾಫಿಯ ಆಸೆಗೇ ನಿಲ್ಲಿಸಿದ್ದು. ಲೋಟ ಕೈಗೆ ಬರುವಷ್ಟರಲ್ಲಿ ಬೇರೆ ಯೋಚನೆ ಬಂದಿತ್ತು. ಸೈಕಲ್ಲು ಇಲ್ಲೇ ಕಳುವಾಗಿ ಹೋಗಲಿ. ನಡೆದು ಮನೆ ಸೇರಬೇಕು, ಅಂಗಿಯೆಲ್ಲ ಬೆವರಲ್ಲಿ ನೆನೆದಿರಬೇಕು. ಓಣಿಯಲ್ಲಿ ನಿಂತು, ಯಾರ ಕಡೆಗೂ ನೋಡದೆ, ನಂದೂ ಹೋಯ್ತು ಅನ್ನಬೇಕು. ಸತ್ಯವತಿ ಎದ್ದು ಬರುತ್ತಾಳೆ. ಅಯ್ಯೋ ಅನ್ನುತ್ತಾಳೆ. ಆ ಒಂದು ಅಯ್ಯೋವನ್ನು ಅವನು ಮನಸ್ಸಿನಲ್ಲಿ ಎಷ್ಟೋ ದನಿಯಲ್ಲಿ ಅನ್ನಿಸಿ ನೋಡಿದ.

ಜನ ಹೋದರು, ಬಂದರು. ಯಾರೂ ಅದರ ಕಡೆ ತಿರುಗಲಿಲ್ಲ.

ಕೊನೆಗೊಬ್ಬ ಬಂದು ನಿಂತ. ಆಚೆ ಈಚೆ ನೋಡಿದ. ಏಕಾಂತಯ್ಯನ ಸೈಕಲ್ಲಿನ ಹ್ಯಾಂಡಲ್ ಹಿಡಿದು, ಸ್ಟ್ಯಾಂಡು ಒದ್ದ. ಕೂಗಬಾರದೆಂದು ಏಕಾಂತಯ್ಯ ಲೋಟವನ್ನು ತುಟಿಗೊತ್ತಿಕೊಂಡ.

ಆತ ಅದನ್ನು ಬಿಸಿಲಿಗೆ ತಳ್ಳಿ ನಿಲ್ಲಿಸಿದ. ನೆರಳಿನಲ್ಲಿ ತೆರವಾದ ಜಾಗಕ್ಕೆ ತನ್ನದನ್ನು ತಂದ. ಹೊಸದು, ರಿಮ್ಮು ಫಳಫಳ ಅನ್ನುತ್ತಿತ್ತು. ಬೀಗ ಹಾಕಿ, ಎಳೆದು ನೋಡಿ, ಹೋಟೆಲಿನ ಒಳಕ್ಕೆ ಬಗ್ಗಿದ.

"ಇಲ್ಲೇ ಇರ್ತೀರಾ ಸಾರ್? ಒಂಚೂರು ನೋಡ್ಕೊಂಡಿರಿ. ಈ ಕಡೆ ಕಳ್ರು ಜಾಸ್ತಿ."

ಏಕಾಂತಯ್ಯ ತಲೆಯಾಡಿಸಿದ.

ಹೊತ್ತು ವಾಲಿತು. ಹೋದವನು ಬರಲಿಲ್ಲ. ಮರದ ನೆರಳು ಹೊಸ ಸೈಕಲ್ಲನ್ನೂ ಬಿಟ್ಟು ಅತ್ತ ಯಾರೂ ಇಲ್ಲದ ನೆಲದ ಮೇಲೆ ಉದ್ದಕ್ಕೆ ಚಾಚಿತು. ಬಿಸಿಲಲ್ಲಿ ಎರಡೂ ನಿಂತಿದ್ದವು, ಒಂದು ಹೊಳೆಯುತ್ತ. ಏಕಾಂತಯ್ಯ ಆ ಹೊಳಪಿನಿಂದ ದೃಷ್ಟಿ ಕೀಳದೆ, ಏಳಲಾರದೆ, ಕಾಯುತ್ತಿದ್ದ.